ಬದುಕಿರುವ ನಗರದ ಸದ್ದು: ಹಾರರ್ ಆಡಿಯೋ ಡ್ರಾಮಾ ಸೌಂಡ್ ಡಿಸೈನ್

[ಪರದೆ ಕಪ್ಪು. ದೂರದ ಟ್ರಾಫಿಕ್ ಸದ್ದು, ಒಬ್ಬಳ ಹೆಜ್ಜೆ. ಹೆಜ್ಜೆ ನಿಲ್ಲುತ್ತದೆ. ಅರ್ಧ ಸೆಕೆಂಡ್ ಬಿಟ್ಟು ಟ್ರಾಫಿಕ್ಕೂ ನಿಲ್ಲುತ್ತದೆ.]

ನಿರೂಪಣೆ:
ಗುಟುರು ಇಲ್ಲ, ಕಿರುಚಾಟ ಇಲ್ಲ. ಅವಳು ನಿಂತಳು, ನಗರವೂ ನಿಂತಿತು. ಆದರೂ ಮೈ ಜುಮ್ಮೆನ್ನುತ್ತದೆ, ಯಾಕೆಂದರೆ ನಗರ ಅವಳನ್ನು ಗಮನಿಸುತ್ತಿದೆ ಅಂತ ಕಿವಿಗೆ ಗೊತ್ತಾಗಿಹೋಯಿತು.

ನಗರವೇ ಜೀವಿಯಾಗಿರುವ ಇಂಥ ಕಥೆ ಮಾಡುವ ಬಹಳಷ್ಟು ಜನ ನಗರದ ಕೈಲಿ ಮೊದಲ ಎಪಿಸೋಡಿನಲ್ಲೇ ಗುರ್ ಅನ್ನಿಸಿಬಿಡುತ್ತಾರೆ. ಅಲ್ಲಿಗೆ ಅದು ದೊಡ್ಡದೊಂದು ಪ್ರಾಣಿಯಾಗುತ್ತದೆ, ಮೂರನೇ ಸಲಕ್ಕೆ ಭಯ ಹೋಗುತ್ತದೆ. ಹಾಗಾಗಿ ಮೈಕ್ ಹಿಡಿಯುವ ಮುಂಚೆ ಸ್ಕ್ರಿಪ್ಟಿನಲ್ಲಿ ಒಂದು ನಿಯಮ ಬರೆದುಕೊಳ್ಳಿ: ಈ ನಗರ ಯಾವುದಕ್ಕೆ ಕಿವಿಗೊಡುತ್ತದೆ? ಉದಾಹರಣೆಗೆ, ಯಾರಾದರೂ ದಾರಿ ಕೇಳಿದರೆ ಎಲ್ಲೋ ಒಂದು ಲಿಫ್ಟ್ ಒಂದು ಮಹಡಿ ಇಳಿಯುತ್ತದೆ. ಮೊದಲ ಎರಡು ಸಲ ಪಾತ್ರಗಳ ಗಮನಕ್ಕೆ ಬರಬಾರದು. ಮೂರನೇ ಸಲ ಕೇಳುಗನೇ ಹಿಡಿಯುತ್ತಾನೆ. ಆಮೇಲೆ "ಸ್ಟೇಷನ್ನಿಗೆ ಹೇಗೆ ಹೋಗೋದು?" ಅನ್ನುವ ಸಾದಾ ಮಾತಿಗೂ ಅವನ ಎದೆ ಹೊಡೆದುಕೊಳ್ಳುತ್ತದೆ. ನಿಯಮ ಒಂದೇ ಇರಲಿ. ಎರಡಾದರೆ ಎರಡೂ ನೆನಪಲ್ಲಿ ಉಳಿಯುವುದಿಲ್ಲ.

[ಪರದೆಯಲ್ಲಿ ಎಡಿಟಿಂಗ್ ಟೈಮ್‌ಲೈನ್. ಆಂಬಿಯೆನ್ಸ್ (ಹಿನ್ನೆಲೆ ಸದ್ದು) ಟ್ರ್ಯಾಕಿನ ವಾಲ್ಯೂಮ್ ಗೆರೆ ಅಲೆಯಂತೆ ಏರಿಳಿಯುತ್ತಿದೆ.]

ಈಗ ಉಸಿರು. ಆರಾಮಾಗಿ ಕೂತ ಮನುಷ್ಯ ನಿಮಿಷಕ್ಕೆ ಸುಮಾರು 12ರಿಂದ 20 ಸಲ ಉಸಿರಾಡುತ್ತಾನೆ. ನಗರಕ್ಕೆ 4 ಅಥವಾ 5 ಸಾಕು. ಮನುಷ್ಯನ ಉಸಿರನ್ನೇ ರೆಕಾರ್ಡ್ ಮಾಡಿ ನಿಧಾನಿಸಬೇಡಿ, ಯಾರೋ ಗೊರಕೆ ಹೊಡೆದ ಹಾಗಿರುತ್ತದೆ. ಟ್ರಾಫಿಕ್ ಸದ್ದನ್ನೇ ಉಸಿರಾಡಿಸಿ: 5 ಸೆಕೆಂಡ್ ಏರಿಕೆ, 1 ಸೆಕೆಂಡ್ ನಿಲುಗಡೆ, 7 ಸೆಕೆಂಡ್ ಇಳಿಕೆ. ವ್ಯತ್ಯಾಸ 3 ಡೆಸಿಬೆಲ್ ಮೀರುವುದು ಬೇಡ. ಇಳಿಯುವಾಗ, ಮೇಲಿನ ಫ್ರೀಕ್ವೆನ್ಸಿಗಳನ್ನು ಕತ್ತರಿಸುವ ಲೋ-ಪಾಸ್ ಫಿಲ್ಟರನ್ನು 8 ಕಿಲೋಹರ್ಟ್ಸ್‌ನಿಂದ 3ಕ್ಕೆ ತನ್ನಿ, ಸದ್ದು ಒಳಗೆ ಹೋದಂತೆ ಕೇಳುತ್ತದೆ. ಪ್ರತಿ ಸುತ್ತಿನ ಅಳತೆ ಅರ್ಧ ಸೆಕೆಂಡ್ ಆಚೀಚೆ ಆಗಲಿ, ಇಲ್ಲದಿದ್ದರೆ ಜೀವವಲ್ಲ, ಮೋಟಾರ್ ಅನ್ನಿಸುತ್ತದೆ.

ಆಂಬಿಯೆನ್ಸನ್ನು 30 ಸೆಕೆಂಡಿನ ಲೂಪ್ ಮಾಡಿದರೆ ಅದೇ ಹಾರ್ನ್ ಮತ್ತೆ ಮತ್ತೆ ಬಂದು ಗುಟ್ಟು ರಟ್ಟಾಗುತ್ತದೆ. 3 ನಿಮಿಷ 10 ಸೆಕೆಂಡಿನದೊಂದು, 4 ನಿಮಿಷ 25 ಸೆಕೆಂಡಿನದೊಂದು, ಹೀಗೆ ಅಳತೆ ಹೊಂದದ ಎರಡು ಲೂಪ್ ಒಟ್ಟಿಗೆ ಓಡಿಸಿ.

[ನೀರಿನ ಪೈಪಿಗೆ ಅಂಟಿಸಿದ ಪೀಝೋ ಬಿಲ್ಲೆಯ (ಕಾಂಟ್ಯಾಕ್ಟ್ ಮೈಕ್) ಕ್ಲೋಸಪ್.]

ನಗರದ ಮೈಯೊಳಗಿನ ಸದ್ದಿಗೆ ಕಾಂಟ್ಯಾಕ್ಟ್ ಮೈಕ್ ಬೇಕು. ಇದು ಗಾಳಿಯಲ್ಲಿ ಬರುವ ಸದ್ದನ್ನಲ್ಲ, ಪೈಪು, ಕಂಬಿ, ಲಿಫ್ಟಿನ ಚೌಕಟ್ಟಿನಲ್ಲಿ ಹರಿಯುವ ಕಂಪನವನ್ನು ಹಿಡಿಯುತ್ತದೆ. ಪೀಝೋವನ್ನು ಸಾಮಾನ್ಯ ಮೈಕ್ ಇನ್‌ಪುಟ್ಟಿಗೆ ನೇರ ಚುಚ್ಚಿದರೆ ಬೇಸ್ ಮಾಯವಾಗಿ ತಗಡು ಬಡಿದಂತೆ ಕೇಳುತ್ತದೆ. ಅದರ ಇಂಪೀಡೆನ್ಸ್ (ವಿದ್ಯುತ್ ತಡೆ) ತುಂಬಾ ಹೆಚ್ಚು, ಹಾಗಾಗಿ ಕನಿಷ್ಠ 1 ಮೆಗಾಓಮ್‌ನ ಇನ್‌ಸ್ಟ್ರುಮೆಂಟ್ ಇನ್‌ಪುಟ್ ಅಥವಾ ಪ್ರೀಆಂಪ್ ಬೇಕೇ ಬೇಕು. ರೆಕಾರ್ಡಿಂಗಿನ ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯುತ್ತದೆ ಅನ್ನುವುದು, 96 ಕಿಲೋಹರ್ಟ್ಸ್ ಇರಲಿ. ವೇಗವನ್ನು ಕಾಲುಭಾಗಕ್ಕೆ ಇಳಿಸಿದರೆ 2 ಸೆಕೆಂಡಿನ ಕಿರ್ರ್ 8 ಸೆಕೆಂಡಿನ ನರಳಾಟವಾಗುತ್ತದೆ, ಶ್ರುತಿ ಎರಡು ಆಕ್ಟೇವ್ ಕೆಳಗಿಳಿಯುತ್ತದೆ. 48ರಲ್ಲಿ ರೆಕಾರ್ಡ್ ಮಾಡಿದ್ದರೆ ಅದರ ಅರ್ಧ, 24ರವರೆಗಿನ ಸದ್ದಷ್ಟೇ ಸಿಗುತ್ತದೆ, ಇಳಿಸಿದ ಮೇಲೆ 6 ಕಿಲೋಹರ್ಟ್ಸ್‌ಗಿಂತ ಮೇಲೆ ಏನೂ ಉಳಿದಿರುವುದಿಲ್ಲ, ಮಂಕು.

ಒದ್ದೆ ಬಟ್ಟೆ ಹಿಂಡಿ ಮಾಂಸದ ಸದ್ದು ಮಾಡುವುದು ಎಲ್ಲರಿಗೂ ಗೊತ್ತು. ಇಡೀ ಸರಣಿಗೆ ಒಂದೋ ಎರಡೋ ಸಲ ಸಾಕು.

[ಗ್ರಾಫಿಕ್: ಒಬ್ಬ ಮನುಷ್ಯ, ಎರಡು ಬದಿ ಗೋಡೆ. ಗೋಡೆಗಳು ಹತ್ತಿರ ಬರುತ್ತವೆ.]

ಬೀದಿ ಕಿರಿದಾಗುವ ದೃಶ್ಯ ಬಂದಾಗ "ಅಯ್ಯೋ, ಗೋಡೆ ಹತ್ತಿರ ಬರ್ತಿದೆ!" ಅಂತ ಪಾತ್ರದ ಬಾಯಲ್ಲಿ ಹೇಳಿಸಿದರೆ ದೃಶ್ಯ ಸತ್ತಂತೆ. ಆ ಕೆಲಸವನ್ನು ರಿವರ್ಬಿನ (ಪ್ರತಿಧ್ವನಿ ಎಫೆಕ್ಟಿನ) ಪ್ರಿ-ಡಿಲೇ, ಅಂದರೆ ಮೂಲ ಸದ್ದಿನಿಂದ ಪ್ರತಿಧ್ವನಿ ಶುರುವಾಗುವವರೆಗಿನ ಅಂತರ, ಮಾಡುತ್ತದೆ. ಸದ್ದು ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಪ್ರತಿಧ್ವನಿ 40 ಮಿಲಿಸೆಕೆಂಡಿಗೆ ಬಂದರೆ ಹೋಗಿಬರುವ ದೂರ 13.7 ಮೀಟರ್, ಅಂದರೆ ಗೋಡೆ ಹೆಚ್ಚುಕಡಿಮೆ 7 ಮೀಟರ್ ಆಚೆ. 5 ಮಿಲಿಸೆಕೆಂಡಿಗೆ ಬಂದರೆ ಗೋಡೆ ಒಂದು ಮೀಟರಿಗಿಂತಲೂ ಹತ್ತಿರ. ಪಾತ್ರ ಮಾತಾಡುತ್ತಿರುವಾಗಲೇ ಒಂದೂವರೆ ನಿಮಿಷದಲ್ಲಿ 40ರಿಂದ 5ಕ್ಕೆ ಇಳಿಸಿ, ಡಿಕೇಯನ್ನು (ಪ್ರತಿಧ್ವನಿ ಅಳಿಯುವ ಸಮಯವನ್ನು) 1.8 ಸೆಕೆಂಡಿನಿಂದ 0.6ಕ್ಕೆ ತನ್ನಿ. ಕೆಲವು ಪ್ಲಗಿನ್‌ಗಳಲ್ಲಿ ಪ್ರಿ-ಡಿಲೇ ಸರಿಸುವಾಗ ಟಿಕ್ ಟಿಕ್ ಸದ್ದು ಬರುತ್ತದೆ. ಆಗ ಬೇರೆ ಬೇರೆ ಸೆಟ್ಟಿಂಗಿನ ಮೂರು ರಿವರ್ಬ್ ಇಟ್ಟು ಒಂದರಿಂದ ಇನ್ನೊಂದಕ್ಕೆ ಕ್ರಾಸ್‌ಫೇಡ್ ಮಾಡಿ. ಮೂಲ ಧ್ವನಿ ಮಾತ್ರ ಪೂರ್ತಿ ಡ್ರೈ ಇರಬೇಕು. ಬರಿಗೋಡೆ ಕೋಣೆಯಲ್ಲಿ ರೆಕಾರ್ಡ್ ಮಾಡಿದ್ದರೆ ಆ ಕೋಣೆಯ ಪ್ರತಿಧ್ವನಿ ದೃಶ್ಯದುದ್ದಕ್ಕೂ ಅಂಟಿಕೊಂಡಿರುತ್ತದೆ, ಎಷ್ಟು ತಿರುಗಿಸಿದರೂ ಬೀದಿ ಕಿರಿದಾಗುವುದಿಲ್ಲ.

[ಫೋನ್ ಸ್ಪೀಕರ್, ಪಕ್ಕದಲ್ಲಿ ಸ್ಪೆಕ್ಟ್ರಮ್.]

ಇನ್ನು ನೆಲದಡಿಯ ಗುಡುಗು. ಸ್ಟುಡಿಯೋ ಸ್ಪೀಕರಿನಲ್ಲಿ 40 ಹರ್ಟ್ಸ್ ಅದ್ಭುತ. ಫೋನ್ ಸ್ಪೀಕರಿನಲ್ಲಿ ಅದು ಇಲ್ಲವೇ ಇಲ್ಲ. ಅಷ್ಟೇ ಆದರೆ ಪರವಾಗಿಲ್ಲ, ಕೇಳಿಸದ ಆ ಸದ್ದು, ಮಟ್ಟ ಮಿತಿ ಮೀರದಂತೆ ತಡೆಯುವ ಲಿಮಿಟರನ್ನು ಒತ್ತುತ್ತದೆ, ಕಾರಣವೇ ಇಲ್ಲದೆ ಮಾತು ಕುಗ್ಗಿ ಕುಗ್ಗಿ ಬರುತ್ತದೆ. 30 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸುವ ಹೈ-ಪಾಸ್ ಫಿಲ್ಟರ್ ಹಾಕಿ. ಉಳಿದದ್ದಕ್ಕೆ ಸ್ಯಾಚುರೇಶನ್ (ಹದವಾದ ಡಿಸ್ಟಾರ್ಷನ್) ಕೊಟ್ಟರೆ 40ರ ಗುಣಕಗಳಾದ 80, 120, 160, 200, 240ರಲ್ಲಿ ಹಾರ್ಮೋನಿಕ್ಸ್ ಹುಟ್ಟುತ್ತವೆ. ಅವು ಸಿಕ್ಕರೆ ಮೂಲ ಸ್ವರ ಇಲ್ಲದಿದ್ದರೂ ಇದೆ ಅಂತಲೇ ಮಿದುಳು ಕೇಳಿಸಿಕೊಳ್ಳುತ್ತದೆ.

ಮಿಕ್ಸಿಂಗಿನಲ್ಲಿ ಮಾತಿಗೇ ಮೊದಲ ಮಣೆ. ಆಂಬಿಯೆನ್ಸಿನಲ್ಲಿ 2ರಿಂದ 4 ಕಿಲೋಹರ್ಟ್ಸ್ ನಡುವೆ 3 ಡೆಸಿಬೆಲ್ ತಗ್ಗಿಸಿ, ವ್ಯಂಜನಗಳು ಬಿಡಿಸಿ ಕೇಳುತ್ತವೆ. ಸ್ಟೀರಿಯೋ ಫೈಲಿನ ಒಟ್ಟಾರೆ ಸದ್ದಿನ ಮಟ್ಟ ಮೈನಸ್ 16 ಎಲ್‌ಯುಎಫ್‌ಎಸ್ (ಕಿವಿಗೆ ಎಷ್ಟು ಜೋರು ಅನ್ನುವುದರ ಅಳತೆ), ಟ್ರೂ ಪೀಕ್, ಅಂದರೆ ಸದ್ದಿನ ಅತಿ ಎತ್ತರದ ತುದಿ, ಮೈನಸ್ 1 ಡೆಸಿಬೆಲ್. ಬೆಚ್ಚಿಬೀಳಿಸಬೇಕಾದ ಜಾಗದಲ್ಲಿ ವಾಲ್ಯೂಮ್ ಏರಿಸುವ ಬದಲು ಅದಕ್ಕೆ ಮುಂಚಿನ 2 ಸೆಕೆಂಡ್ ಆಂಬಿಯೆನ್ಸನ್ನು ತಗ್ಗಿಸಿ. ಹೆಡ್‌ಫೋನ್ ಹಾಕಿಕೊಂಡವರ ಕಿವಿಯೂ ಉಳಿಯುತ್ತದೆ.

ಕಡೆಗೆ ಮಾನೋ ಪರೀಕ್ಷೆ, ಅಂದರೆ ಎರಡೂ ಚಾನೆಲ್ಲನ್ನು ಒಂದಾಗಿಸಿ ಕೇಳುವುದು. ಸದ್ದು ಅಗಲವಾಗಲಿ ಅಂತ ಒಂದು ಚಾನೆಲ್ಲಿನ ಫೇಸ್ (ಸದ್ದಿನ ಅಲೆಯ ಏರಿಳಿತ) ತಿರುಗಿಸಿದ್ದರೆ, ಫೋನಿನ ಒಂದೇ ಸ್ಪೀಕರಿನಲ್ಲಿ ಎರಡೂ ಕೂಡಿ ಪರಸ್ಪರ ಅಳಿಸಿಕೊಳ್ಳುತ್ತವೆ. ಆ ಲಿಫ್ಟ್ ಇಳಿಯುವ ಸದ್ದೇ ಹೋದರೆ ಕಥೆಯ ನಿಯಮವೂ ಹೋಯಿತು. ಅದನ್ನು ಯಾವಾಗಲೂ ಮಾನೋ ಟ್ರ್ಯಾಕಿನಲ್ಲೇ ಇಡಿ.

[ಅದೇ ದೃಶ್ಯ ಮೊದಲು ಸ್ಟೀರಿಯೋದಲ್ಲಿ, ನಂತರ ಮಾನೋದಲ್ಲಿ.]