ನಗುವ ಸನ್ಯಾಸಿಯ ಪಬ್ಬು, ನಮ್ಮೂರ ಬಾವಡಿ

ಎಲ್ಲರಿಗೂ ನಮಸ್ಕಾರ.

ಇವತ್ತು ಏಪ್ರಿಲ್ 18, ವಿಶ್ವ ಪರಂಪರೆ ದಿನ. ವಿಜಯಪುರದ ಈ ಬಿಸಿಲಲ್ಲೂ ಇಷ್ಟು ಜನ ಬಂದಿದ್ದೀರಿ. ಆಮಂತ್ರಣದಲ್ಲಿ ನನ್ನ ವಿಷಯ ಓದಿ ಕೆಲವರು ನಕ್ಕರು ಅಂತಲೂ ಕೇಳಿದೆ. ಗೋಲ ಗುಂಬಜ ಇಟ್ಟುಕೊಂಡ ಊರಲ್ಲಿ ಲಂಡನ್ನಿನ ಒಂದು ಬಾರಿನ ಬಗ್ಗೆ ಉಪನ್ಯಾಸವೇ? ಹೌದು, ಅದೇ. ಗೋಲ ಗುಂಬಜದ ಬಗ್ಗೆ ನಿಮಗೆ ನಾನೇನು ಹೊಸದು ಹೇಳಲಿ? ಒಂದು ಸಲ ಕೂಗಿದರೆ ಏಳು ಸಲ ಕೇಳುತ್ತದೆ ಅಂತ ಇಲ್ಲಿನ ಟಾಂಗಾದವರೇ ನನಗಿಂತ ಚೆನ್ನಾಗಿ ಹೇಳುತ್ತಾರೆ.

ನನ್ನ ವಾದ ಸಣ್ಣದು. ಜನ ಬಂದು ಕೂರುವ ಕಟ್ಟಡ ಉಳಿಯುತ್ತದೆ. ಬೇಲಿ ಹಾಕಿ, ಫಲಕ ನೆಟ್ಟು, ಬೀಗ ಜಡಿದರೆ ಕಲ್ಲು ಉಳಿಯಬಹುದು, ಊರಿಗೆ ಅದರ ನೆನಪು ಹೋಗುತ್ತದೆ.

ಲಂಡನ್ನಿನಲ್ಲಿ ಥೇಮ್ಸ್ ನದಿಯ ಹತ್ತಿರ ಬ್ಲ್ಯಾಕ್‌ಫ್ರಯರ್ಸ್ ರೈಲು ನಿಲ್ದಾಣ ಇದೆ. ಅದರ ಎದುರಿಗೇ ಬ್ಲ್ಯಾಕ್‌ಫ್ರಯರ್ ಎಂಬ ಪಬ್ಬು. ಕಟ್ಟಡದ ಆಕಾರವೇ ವಿಚಿತ್ರ. ಕಲ್ಲಂಗಡಿ ಹೋಳಿನ ಹಾಗೆ ಒಂದು ಕಡೆ ಅಗಲ, ಒಂದು ಕಡೆ ಚೂಪು. ಮುಂಭಾಗದಲ್ಲಿ, ಬಾಗಿಲ ಮೇಲೆ ಒಬ್ಬ ಸನ್ಯಾಸಿಯ ದೊಡ್ಡ ಮೂರ್ತಿ. ಕಪ್ಪು ನಿಲುವಂಗಿ, ದುಂಡು ಹೊಟ್ಟೆ, ಮುಖದ ತುಂಬ ನಗು.

ಮಗಳ ಮನೆಗೆ ಹೋದಾಗ ನಾವೂ ಬೀಗರೂ ಒಟ್ಟಿಗೇ ಅಲ್ಲಿಗೆ ಹೋಗಿದ್ದೆವು. ಬೀಗರು ಬಸವನ ಬಾಗೇವಾಡಿ ಕಡೆಯವರು. ಕೊರಳಲ್ಲಿ ಲಿಂಗ, ಚಹಾ ಬಿಟ್ಟರೆ ಬೇರೆ ಚಟ ಇಲ್ಲ. ಬಾಗಿಲ ಮುಂದೆ ನಿಂತು ಮೂರ್ತಿಗೆ ಕೈ ಮುಗಿದೇ ಬಿಟ್ಟರು.

“ಇದು ಯಾವ ಮಠರಿ, ಬೀಗರ?”

“ಮಠ ಅಲ್ಲರಿ, ಬಾರ್.”

“ಮತ್ತ ಸ್ವಾಮಿಗಳು ನಿಂತಾರಲ್ಲರಿ?”

“ಅವರೂ ಗಿರಾಕಿನೇ ಇರಬೇಕರಿ.”

ಮುಗಿದ ಕೈ ಸೀದಾ ಜೇಬಿಗೆ ಹೋಯಿತು. ಒಳಗೆ ಬರುವುದಿಲ್ಲ ಅಂದರು. ನಮ್ಮಲ್ಲಿ ಬಾರ್ ಅಂದರೆ ಪರದೆ ಇಳಿಬಿಟ್ಟ ಕತ್ತಲೆ ಜಾಗ ಅಲ್ವಾ? ಆದರೆ ಬಾಗಿಲು ತೆರೆದಾಗ ಒಳಗೆ ಅಜ್ಜಿಯರು ಊಟ ಮಾಡುತ್ತಿದ್ದರು. ಒಬ್ಬ ಮುದುಕ ಪೇಪರ್ ಓದುತ್ತಿದ್ದ. “ಎರಡು ನಿಮಿಷ ನೋಡಿ ಬರೂಣು” ಅಂತ ಬಂದವರು ಗಂಟೆಗಟ್ಟಲೆ ಏಳಲಿಲ್ಲ.

ಅಲ್ಲಿ ಕೂತಲ್ಲಿಗೆ ಬಂದು ಏನು ಬೇಕು ಅಂತ ಯಾರೂ ಕೇಳುವುದಿಲ್ಲ. ಕೌಂಟರಿಗೆ ಹೋಗಿ ಹೇಳಬೇಕು, ದುಡ್ಡು ಕೊಡಬೇಕು, ಗ್ಲಾಸು ನಾವೇ ಹೊತ್ತು ತರಬೇಕು. “ಇಷ್ಟು ರೊಕ್ಕ ಕೊಟ್ಟು ಹಮಾಲಿನೂ ನಾವೇ ಮಾಡಬೇಕೇನ್ರಿ?” ಅಂತ ಬೀಗರು. ಕಿತ್ತಳೆ ರಸ, ಆಲೂಗಡ್ಡೆ ಚಿಪ್ಸ್ ತಂದುಕೊಂಡೆವು. ಕುಡಿಯದವರನ್ನು ಅಲ್ಲಿ ಯಾರೂ ತಿರುಗಿ ನೋಡಲಿಲ್ಲ.

ಈಗ ಗೋಡೆಗೆ ಬರೋಣ. ನೋಡಿದ ಕಡೆಯೆಲ್ಲ ಅಮೃತಶಿಲೆ, ಬಣ್ಣದ ಗಾಜಿನ ಚೂರು, ತಾಮ್ರದ ಉಬ್ಬು ಶಿಲ್ಪ. ಶಿಲ್ಪದಲ್ಲೆಲ್ಲ ಸನ್ಯಾಸಿಗಳೇ. ಒಂದು ಕಡೆ ಹಾಡುತ್ತಿದ್ದಾರೆ. ಇನ್ನೊಂದು ಕಡೆ ತೋಟದ ಕೆಲಸ. ಮೇಲೆ “ಶನಿವಾರ ಮಧ್ಯಾಹ್ನ” ಅಂತ ಬರೆದಿದೆ. ಮತ್ತೊಂದರಲ್ಲಿ ಮೀನು ಹಿಡಿಯುತ್ತಿದ್ದಾರೆ. ಅದರ ಹೆಸರು “ನಾಳೆ ಶುಕ್ರವಾರ”. ಶುಕ್ರವಾರ ಅವರಿಗೆ ಮಾಂಸ ನಿಷಿದ್ಧ, ಮೀನು ನಡೆಯುತ್ತದೆ. ಬೀಗರಿಗೆ ವಿವರಿಸಿದೆ. “ಹಂಗಾರ ಗುರುವಾರನೇ ಇವರಿಗೆ ಚಿಂತಿ ಹತ್ತೂದರಿ!” ಅಂತ ಜೋರಾಗಿ ನಕ್ಕರು. ಪೇಪರ್ ಓದುವ ಮುದುಕನೂ ನಕ್ಕ. ಅವನಿಗೆ ಏನು ತಿಳಿಯಿತೋ!

ಹಿಂದಿನ ಕಮಾನಿನ ಕೋಣೆಯಲ್ಲಿ ಗೋಡೆ ತುಂಬ ನೀತಿ ಮಾತು. ಒಂದು ಹೇಳುತ್ತದೆ, ಆಡಂಬರ ಹುಚ್ಚುತನ ಅಂತ. ಆ ಮಾತು ಕೆತ್ತಿರುವ ಕೋಣೆಯಷ್ಟು ಆಡಂಬರ ನಾನು ಬೇರೆಲ್ಲೂ ಕಂಡಿಲ್ಲ. ಇದನ್ನು ಮಾಡಿದವರಿಗೆ ಇದು ತಮಾಷೆ ಅಂತ ಚೆನ್ನಾಗಿ ಗೊತ್ತಿತ್ತು.

ಆ ಜಾಗದಲ್ಲಿ ನಿಜವಾಗಿಯೂ ಮಠ ಇತ್ತು. 13ನೇ ಶತಮಾನದ ಕೊನೆಗೆ ಡೊಮಿನಿಕನ್ ಪಂಥದ ಕ್ರೈಸ್ತ ಸನ್ಯಾಸಿಗಳು ಅಲ್ಲಿ ನೆಲೆಸಿದರು. ಫ್ರಯರ್ ಅಂದರೆ ಸನ್ಯಾಸಿ; ಅವರ ಕಪ್ಪು ಮೇಲಂಗಿಯಿಂದಲೇ ಆ ಪ್ರದೇಶಕ್ಕೆ ಬ್ಲ್ಯಾಕ್‌ಫ್ರಯರ್ಸ್ ಅಂತ ಹೆಸರು. 1529ರಲ್ಲಿ ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿ ಮತ್ತು ರಾಣಿ ಕ್ಯಾಥರೀನಳ ಮದುವೆ ಮುರಿಯುವ ವಿಚಾರಣೆ ಅಲ್ಲೇ ನಡೆಯಿತು. 1538ರಲ್ಲಿ ಅದೇ ಹೆನ್ರಿ ಮಠ ಮುಚ್ಚಿಸಿದ. ಅಂದರೆ ಬೀಗರು ಕೈ ಮುಗಿದದ್ದು ಪೂರ್ತಿ ತಪ್ಪೇನಲ್ಲ! ಪಬ್ಬು ಕಟ್ಟಿದ್ದು 1875ರ ಸುಮಾರಿಗೆ. ಈ ಅಲಂಕಾರ 1905ರಿಂದ ಈಚೆಗೆ ಆದದ್ದು. ವಾಸ್ತುಶಿಲ್ಪಿ ಫುಲ್ಲರ್-ಕ್ಲಾರ್ಕ್, ಶಿಲ್ಪಿಗಳಲ್ಲಿ ಹೆನ್ರಿ ಪೂಲ್ ಮುಖ್ಯ.

1960ರ ದಶಕದಲ್ಲಿ ಇದನ್ನು ಕೆಡವಲು ಹೊರಟರು. ಕವಿ ಜಾನ್ ಬೆಟ್ಜೆಮನ್ ಮುಂದೆ ನಿಂತು ಹೋರಾಡಿ ಉಳಿಸಿದರು. ನನ್ನ ಪ್ರಕಾರ ಕವಿ ಒಬ್ಬರಿಂದ ಆಗುವ ಕೆಲಸ ಅಲ್ಲ ಇದು. ಅಲ್ಲಿ ದಿನಾ ಸಂಜೆ ಬಂದು ಕೂರುವವರಿದ್ದರು. ಕೂರುವವರಿಗೆ ತಮ್ಮ ಜಾಗ ಹೋದೀತು ಅಂತ ಸಿಟ್ಟು ಬರುತ್ತದೆ. ಬರೀ ನೋಡಿ ಹೋಗುವವರು ಅಯ್ಯೋ ಅಂದು ಸುಮ್ಮನಾಗುತ್ತಾರೆ.

ನಮ್ಮಲ್ಲೂ ಒಂದು ಉಳಿಸಿದ ಕಥೆ ಇದೆ. ಮಲಿಕ್-ಎ-ಮೈದಾನ್ ತೋಪು. 1549ರಲ್ಲಿ ಅಹ್ಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. 1854ರಲ್ಲಿ ಸರ್ಕಾರ ಅದನ್ನು ಹರಾಜಿಗೆ ಇಟ್ಟಿತು. ಅತಿ ಹೆಚ್ಚಿನ ಸವಾಲು ಎಷ್ಟು? 150 ರೂಪಾಯಿ! ಇಷ್ಟು ಕಡಿಮೆಗೆ ಕೊಡುವುದು ಸರಿಯಲ್ಲ ಅಂತ ಮಾಮಲೇದಾರರು ಮೇಲಿನವರಿಗೆ ಬರೆದರು. ಮಾರಾಟ ರದ್ದಾಯಿತು. ಬೆಟ್ಜೆಮನ್‌ಗೆ ಲಂಡನ್ನಿನಲ್ಲಿ ಪ್ರತಿಮೆ ಇದೆ, ರೈಲು ನಿಲ್ದಾಣದೊಳಗೇ. ನಮ್ಮ ಮಾಮಲೇದಾರರಿಗೆ ಒಂದು ಓಣಿಯ ಹೆಸರೂ ಇಟ್ಟಿಲ್ಲ. ಇರಲಿ.

ಹಾಗಂತ ಯಾವ ಬಳಕೆಯಾದರೂ ನಡೆದೀತು ಅಂತ ನಾನು ಹೇಳುತ್ತಿಲ್ಲ. ಇದೇ ಊರಲ್ಲಿ ಬ್ರಿಟಿಷರು ಒಂದು ಮಸೀದಿಯನ್ನು ಡಾಕ್ ಬಂಗಲೆ ಮಾಡಿದ್ದರು, ಇನ್ನೊಂದನ್ನು ಅಂಚೆ ಕಚೇರಿ ಮಾಡಿದ್ದರು. ವೈಸರಾಯ್ ಲಾರ್ಡ್ ಕರ್ಜನ್ ಬಂದು ಖಾಲಿ ಮಾಡಿಸಿದ. ಸರಿಯಾಗೇ ಮಾಡಿದ. ಪ್ರಾರ್ಥನೆಯ ಜಾಗದಲ್ಲಿ ಸಾಹೇಬರು ಹಾಸಿಗೆ ಹಾಸುವುದು ಬಳಕೆಯಲ್ಲ, ದರ್ಪ. ಕಟ್ಟಡದ ಗುಣಕ್ಕೆ ಹೊಂದುವ ಬಳಕೆ ಬೇಕು. ಗೋಲ ಗುಂಬಜದ ನಗಾರಖಾನೆ 1892ರಲ್ಲಿ ವಸ್ತುಸಂಗ್ರಹಾಲಯ ಆಯಿತು. ಅದು ಹೊಂದಿತು, ಇವತ್ತಿಗೂ ಶಾಲೆ ಮಕ್ಕಳು ಸಾಲಾಗಿ ಒಳಗೆ ಹೋಗುತ್ತಾರೆ.

ಚೀಟಿ ಬಂತು. ಐದು ನಿಮಿಷವಂತೆ. ಬೀಗರ ಕಥೆಗೇ ಜಾಸ್ತಿ ಹೊತ್ತು ಹೋಯಿತು, ಅವರು ಮುಂದಿನ ಸಾಲಲ್ಲೇ ಕೂತು ನಗುತ್ತಿದ್ದಾರೆ.

ಹಳೆ ಮನೆಗಳ ಬಗ್ಗೆ, ಗೈಡ್‌ಗಳ ಬಗ್ಗೆ ಹೇಳಬೇಕಿತ್ತು. ಬಿಡಿ. ಬಾವಡಿ, ಅಂದರೆ ಮೆಟ್ಟಿಲು ಬಾವಿಯ ವಿಷಯ ಮಾತ್ರ ಹೇಳಿ ಮುಗಿಸುತ್ತೇನೆ. ತಾಜ್ ಬಾವಡಿ 1620ರದು, ಮಲಿಕ್ ಸಂದಲ್ ಕಟ್ಟಿಸಿದ್ದು. ಬರೀ ನೀರು ಸೇದಲು ಕಟ್ಟಿದ್ದಲ್ಲ. ಸುತ್ತಲೂ ಕಮಾನಿನ ಕೋಣೆಗಳಿವೆ, ದಾರಿಹೋಕರು ದಣಿವಾರಿಸಿಕೊಳ್ಳಲಿ ಅಂತ. ಕೊಡ ಇಟ್ಟು ನಾಲ್ಕು ಮಾತು ಆಡಲಿಕ್ಕೆ ಜಾಗ, ನೆರಳು, ತಂಪು ಗಾಳಿ. ಬಿಸಿಲೂರಿಗೆ ಇದಕ್ಕಿಂತ ಒಳ್ಳೆ ಕೂರುವ ಜಾಗ ಯಾವುದು ಹೇಳಿ? ನಲ್ಲಿ ಬಂತು, ಕೂರುವವರು ಹೋದರು, ಆ ಜಾಗಕ್ಕೆ ಕಸ ಬಂತು. ಹೂಳು ಒಂದು ಸಲ ತೆಗೆಯಬಹುದು. ಮಂದಿ ತಿರುಗಿ ಬಂದು ಕೂರದಿದ್ದರೆ ಮತ್ತೆ ತುಂಬುತ್ತದೆ.

ತಾಜ್ ಬಾವಡಿ ಎಲ್ಲರಿಗೂ ಗೊತ್ತು. ಓಣಿ ಓಣಿಯ ಸಣ್ಣ ಬಾವಡಿಗಳದ್ದು ಏನು? ಅದಕ್ಕೇ ಬಾಗಿಲ ಹತ್ತಿರ, ಚಪ್ಪಲಿ ಬಿಟ್ಟ ಕಡೆ, ಒಂದು ವಹಿ ಇಟ್ಟಿದ್ದೇನೆ. ನಿಮ್ಮ ಓಣಿಯಲ್ಲಿ ಹಳೆ ಬಾವಡಿ ಇದ್ದರೆ ಬರೆಯಿರಿ. ಎಲ್ಲಿದೆ, ನೀರು ಇದೆಯೋ ಕಸ ಇದೆಯೋ, ಕಟ್ಟೆಯ ಮೇಲೆ ಸಂಜೆ ಯಾರಾದರೂ ಕೂರುತ್ತಾರೋ ಇಲ್ಲವೋ. ಪೆನ್ನು ದಾರ ಕಟ್ಟಿ ಇಟ್ಟಿದ್ದೇನೆ, ಒಯ್ಯಬೇಡಿ.