ಚೋಮನ ದುಡಿ ಬಾರಿಸಿದ ಕಾರಂತರು

ಈಗ ನೀವು ನೋಡುತ್ತಿರುವುದು ಮೈಸೂರಿನ ರಂಗಾಯಣ. ನಾಟಕಕ್ಕೆ ಇನ್ನೂ ಟೈಮ್ ಇದೆ. ಅಷ್ಟರಲ್ಲಿ ಇದನ್ನು 1989ರಲ್ಲಿ ಕಟ್ಟಿ ಬೆಳೆಸಿದ ಬಿ. ವಿ. ಕಾರಂತರ ಬಗ್ಗೆ ಹೇಳಿಬಿಡುತ್ತೇನೆ. ಜಾಸ್ತಿ ಜನ ಅವರನ್ನು ನಿರ್ದೇಶಕ ಅಂತ ನೆನೆಯುತ್ತಾರೆ. ನನಗೆ ಮಾತ್ರ ಅವರು ಮೊದಲು ಸಂಗೀತಗಾರ.

ಹುಟ್ಟಿದ್ದು 1929ರಲ್ಲಿ, ಬಂಟ್ವಾಳದ ಹತ್ತಿರ ಮಂಚಿಯಲ್ಲಿ. ಹುಡುಗನಾಗಿದ್ದಾಗಲೇ ಮನೆ ಬಿಟ್ಟು ಓಡಿ ಗುಬ್ಬಿ ವೀರಣ್ಣನವರ ಕಂಪನಿ ಸೇರಿದರು. ಕಂಪನಿ ನಾಟಕಕ್ಕೆ ಹಾಡೇ ಜೀವ, ಅಲ್ವಾ? ಕಿವಿ ತಯಾರಾಗಿದ್ದು ಅಲ್ಲೇ. ಮುಂದೆ ವೀರಣ್ಣನವರೇ ಓದಲು ಕಾಶಿಗೆ ಕಳಿಸಿದರು, ಅಲ್ಲಿ ಹಿಂದಿ ಎಂ.ಎ. ಜೊತೆಗೆ ಓಂಕಾರನಾಥ ಠಾಕೂರರ ಹತ್ತಿರ ಹಿಂದೂಸ್ತಾನಿ ಕಲಿತರು. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. ಮುಂದೊಂದು ದಿನ ಅದೇ ಶಾಲೆಗೆ ನಿರ್ದೇಶಕರೂ ಆದರು.

ಗಿರೀಶ ಕಾರ್ನಾಡರ ನಾಟಕ ‘ಹಯವದನ’ದ ‘ಗಜವದನ ಹೇರಂಬ’ ಹಾಡು ಕೇಳಿದ್ದೀರಲ್ಲ? ಅದು ಅವರದೇ ಸಂಗೀತ. ಶ್ರೀರಂಗರ ‘ಸತ್ತವರ ನೆರಳು’ ಮಠದೊಳಗಿನ ಜಗಳದ ಕಥೆ. ಅದಕ್ಕೆ ಪುರಂದರದಾಸರ ಪದಗಳನ್ನು ತಂದು ಸೇರಿಸಿದರು. ದೇವರ ಹಾಡು ಹಾಗೇ ಇದೆ, ಒಂದಕ್ಷರ ಬದಲಾಗಿಲ್ಲ, ಆದರೆ ಅಲ್ಲಿ ಕೇಳಿದಾಗ ಎದುರಿಗಿರುವ ಮಠದವರನ್ನೇ ಪ್ರಶ್ನೆ ಮಾಡಿದ ಹಾಗಿರುತ್ತದೆ. ನಾಟಕದಲ್ಲಿ ಹಾಡು ಯಾಕೆ ಬೇಕು ಅಂತ ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುವುದು.

ಸಿನಿಮಾದಲ್ಲಿ ಅವರ ದಾರಿಯೇ ಬೇರೆ. 1976ರ ‘ಋಷ್ಯಶೃಂಗ’, 1977ರ ‘ಘಟಶ್ರಾದ್ಧ’, ಎರಡರ ಸಂಗೀತಕ್ಕೂ ರಾಷ್ಟ್ರಪ್ರಶಸ್ತಿ ಬಂತು. ನನ್ನ ಮನಸ್ಸು ಮಾತ್ರ ಹೋಗುವುದು ‘ಚೋಮನ ದುಡಿ’ಗೆ. 1975ರ ಸಿನಿಮಾ, ನಿರ್ದೇಶನ ಸಂಗೀತ ಎರಡೂ ಅವರದೇ. ತನ್ನದೇ ಒಂದು ತುಂಡು ಗದ್ದೆ ಉಳಬೇಕು, ಚೋಮನ ಆಸೆ ಅಷ್ಟೇ, ಹುಟ್ಟಿದ ಜಾತಿಯ ಕಾರಣಕ್ಕೆ ಅದೂ ಸಿಗುವುದಿಲ್ಲ. ಅವನು ಯಾರ ಹತ್ತಿರವೂ ಅಳುವುದಿಲ್ಲ, ದುಡಿ ಅನ್ನುವ ಚರ್ಮವಾದ್ಯ ಬಾರಿಸುತ್ತಾನೆ. ಅಲ್ಲಿ ಪಿಟೀಲು ಗಿಟೀಲು ಹಾಕಿ ನಮ್ಮನ್ನು ಅಳಿಸಬಹುದಿತ್ತು, ಕಾರಂತರು ಹಾಗೆ ಮಾಡಲಿಲ್ಲ, ದುಡಿಯನ್ನೇ ಮಾತಾಡಲು ಬಿಟ್ಟರು. ಕೊನೆಗೆ ಚೋಮ ಬಾಗಿಲು ಹಾಕಿಕೊಂಡು ಬಾರಿಸುತ್ತಾನಲ್ಲ, ಆ ಸದ್ದು ನಿಂತಾಗ ಅವನು ಹೋದ ಅಂತ ಯಾರೂ ಹೇಳಬೇಕಾಗಿಲ್ಲ.

ಕಾರಂತರು 2002ರ ಸೆಪ್ಟೆಂಬರ್ 1ರಂದು ತೀರಿಕೊಂಡರು. ನಾನು ಅವರನ್ನು ಒಮ್ಮೆಯೂ ನೋಡಲಿಲ್ಲ, ಆ ಬೇಜಾರು ಇದೆ.

ಬೆಲ್ ಆಯಿತು. ಕ್ಯಾಮೆರಾ ಆಫ್ ಮಾಡಿ ಒಳಗೆ ಹೋಗುತ್ತೇನೆ.