ಕಾಯಲಾರದ ಸರಕು: ಅನಿಲ ಹಡಗುಗಳ ದಾರಿಯಲ್ಲಿ ಯುದ್ಧ

ಕೇಳುಗರಿಗೆ ನಮಸ್ಕಾರ.

ಪರ್ಷಿಯನ್ ಕೊಲ್ಲಿಯಲ್ಲಿ ಕದನದ ಸುದ್ದಿ ಬಂದಾಗಲೆಲ್ಲ ಮಾತು ಕಚ್ಚಾ ತೈಲದ ಬೆಲೆಗೆ ಹೊರಳುತ್ತದೆ. ಅದೇ ನೀರಿನಲ್ಲಿ ಸಾಗುವ ನೈಸರ್ಗಿಕ ಅನಿಲದ ಪಾಡು ತೈಲಕ್ಕಿಂತ ಕಷ್ಟದ್ದು. ತೈಲ ತಿಂಗಳುಗಟ್ಟಲೆ ಕಾಯಬಲ್ಲದು. ಅನಿಲ ಕಾಯಲಾರದು.

ಕಾರಣ ಅದರ ತಂಪಿನಲ್ಲಿದೆ. ಅನಿಲದಿಂದ ನೀರಿನಂಶ, ಇಂಗಾಲದ ಡೈಆಕ್ಸೈಡ್, ಪಾದರಸ ಎಲ್ಲವನ್ನೂ ತೆಗೆದು, ಮೈನಸ್ 162 ಡಿಗ್ರಿ ಸೆಲ್ಸಿಯಸ್‌ಗೆ ಇಳಿಸಿದರೆ ಅದು ದ್ರವವಾಗುತ್ತದೆ. ಗಾತ್ರ ಸುಮಾರು 600 ಪಟ್ಟು ಕುಗ್ಗುತ್ತದೆ. ಇದೇ ಎಲ್‌ಎನ್‌ಜಿ, ಅಂದರೆ ದ್ರವೀಕೃತ ನೈಸರ್ಗಿಕ ಅನಿಲ. ಈಚಿನ ಸಾಮಾನ್ಯ ಹಡಗೊಂದು ಇಂಥ ದ್ರವವನ್ನು 1,74,000 ಘನ ಮೀಟರ್ ಹೊರುತ್ತದೆ. 1,000 ಮೆಗಾವಾಟ್‌ನ ದಕ್ಷ ವಿದ್ಯುತ್ ಸ್ಥಾವರವೊಂದು ಮೂರು ವಾರಕ್ಕೂ ಹೆಚ್ಚು ಕಾಲ ಪೂರ್ಣ ಪ್ರಮಾಣದಲ್ಲಿ ನಡೆಯಲು ಅಷ್ಟು ಸಾಕು. ಹಡಗೊಂದು ಬಾರದೆ ಹೋದರೆ ಕಳೆದುಕೊಳ್ಳುವುದು ಇಷ್ಟು.

ಟ್ಯಾಂಕಿನ ಸುತ್ತ ಎಷ್ಟೇ ದಪ್ಪ ಶಾಖನಿರೋಧಕ ಹೊದಿಸಿದರೂ ಹೊರಗಿನ ಬಿಸಿ ಒಳನುಸುಳುತ್ತದೆ. ದಿನಕ್ಕೆ ಸುಮಾರು ಶೇಕಡಾ 0.1ರಷ್ಟು, ಅಂದರೆ 170 ಘನ ಮೀಟರ್‌ನಷ್ಟು ದ್ರವ ಕುದಿದು ಆವಿಯಾಗುತ್ತದೆ. ಹಡಗು ಚಲಿಸುವಾಗ ಎಂಜಿನ್ ಆ ಆವಿಯನ್ನೇ ಉರಿಸುತ್ತದೆ, ತೊಂದರೆಯಿಲ್ಲ. ಯುದ್ಧದಿಂದ ದಾರಿ ಮುಚ್ಚಿ ಲಂಗರು ಹಾಕಿ ನಿಂತಾಗ ಎಂಜಿನ್‌ಗೆ ಅಷ್ಟು ಇಂಧನ ಬೇಕಿಲ್ಲ, ಆದರೆ ಕುದಿಯುವುದು ನಿಲ್ಲದು. ಮತ್ತೆ ದ್ರವವಾಗಿಸುವ ಯಂತ್ರ ಹಡಗಿನಲ್ಲಿದ್ದರೆ ಸರಿ. ಇಲ್ಲವಾದರೆ ಒತ್ತಡ ಏರದಂತೆ ಹೆಚ್ಚುವರಿ ಆವಿಯನ್ನು ಸುಟ್ಟು ಕಳೆಯಬೇಕು. ಸ್ವಲ್ಪ ಸರಕನ್ನು ಬೇರೆ ಬಂದರಿನಲ್ಲಿ ಇಳಿಸಿ ಮುಂದೆ ಹೋಗೋಣವೆಂದರೆ ಅದೂ ಸುಲಭವಲ್ಲ. ಪೊರೆ ಮಾದರಿಯ, ಅಂದರೆ ತೆಳು ಲೋಹದ ಒಳಪದರವಿರುವ ಟ್ಯಾಂಕುಗಳು ಅರ್ಧ ತುಂಬಿದ ಸ್ಥಿತಿಯಲ್ಲಿ ತೆರೆದ ಸಮುದ್ರಕ್ಕೆ ಇಳಿಯುವಂತಿಲ್ಲ. ಒಳಗಿನ ದ್ರವ ಅಲೆಯಂತೆ ಹೊಯ್ದಾಡಿ ಗೋಡೆಗೆ ಪೆಟ್ಟು ಕೊಡುತ್ತದೆ. ಒಂದೋ ಬಹುತೇಕ ತುಂಬಿರಬೇಕು, ಇಲ್ಲವೇ ಬಹುತೇಕ ಬರಿದಾಗಿರಬೇಕು.

ಬರಿದಾದ ಹಡಗಿಗೂ ಬಿಡುವಿಲ್ಲ. ಟ್ಯಾಂಕ್ ತಣ್ಣಗಿರಲೆಂದು ತಳದಲ್ಲಿ ಸ್ವಲ್ಪ ದ್ರವ ಉಳಿಸಿಕೊಂಡೇ ಅದು ಮರಳುತ್ತದೆ. ಕಾಯುವಷ್ಟರಲ್ಲಿ ಅದೂ ಆವಿಯಾಗಿ ಟ್ಯಾಂಕ್ ಬಿಸಿಯೇರಿದರೆ, ತುಂಬುವ ಮುನ್ನ ದ್ರವವನ್ನು ನಿಧಾನವಾಗಿ ಸಿಂಪಡಿಸಿ ಮತ್ತೆ ತಣಿಸಬೇಕು. ಅವಸರ ಮಾಡಿದರೆ ಲೋಹ ಒಮ್ಮೆಲೇ ಕುಗ್ಗಿ ಬಿರುಕು ಬಿಡಬಹುದು. ಅನಿಲವನ್ನು ದ್ರವವಾಗಿಸುವ ದಡದ ಕಾರ್ಖಾನೆಯ ಸಂಕಟವೂ ಇದೇ ಬಗೆಯದು. ಹಡಗು ಬಾರದಿದ್ದರೆ ಸಂಗ್ರಹ ಟ್ಯಾಂಕುಗಳು ತುಂಬುತ್ತವೆ, ಉತ್ಪಾದನೆ ಇಳಿಸಬೇಕು, ಕೊನೆಗೆ ನಿಲ್ಲಿಸಲೇಬೇಕು. ಪೂರ್ತಿ ನಿಂತು ಬಿಸಿಯಾದ ಘಟಕವನ್ನು ಹಂತಹಂತವಾಗಿ ತಣಿಸಿ ಮತ್ತೆ ನಡೆಸಲು ದಿನಗಳು, ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ಆದ್ದರಿಂದ ದಾರಿ ತೆರೆದ ದಿನವೇ ಪೂರೈಕೆ ಮೊದಲಿನಂತಾಗದು.

ಈಗ ಭೂಪಟಕ್ಕೆ ಬರೋಣ. ಇರಾನ್ ಮತ್ತು ಒಮಾನ್ ನಡುವಿನ ಹಾರ್ಮುಜ್ ಜಲಸಂಧಿ ಅತ್ಯಂತ ಕಿರಿದಾದಲ್ಲಿ ಸುಮಾರು 33 ಕಿಲೋಮೀಟರ್. ದೊಡ್ಡ ಹಡಗುಗಳಿಗೆ ಗೊತ್ತುಪಡಿಸಿದ ಪಥ ಮಾತ್ರ ಹೋಗಲು ಎರಡು ನಾಟಿಕಲ್ ಮೈಲಿ, ಬರಲು ಎರಡು, ನಡುವೆ ಎರಡು ಮೈಲಿ ಅಂತರ. 2024ರಲ್ಲಿ ಜಗತ್ತಿನ ಎಲ್‌ಎನ್‌ಜಿ ವ್ಯಾಪಾರದ ಸುಮಾರು ಐದನೇ ಒಂದು ಪಾಲು ಇಲ್ಲಿಂದ ಹಾದುಹೋಯಿತು; ಬಹುಪಾಲು ಕತಾರ್‌ನ ರಸ್ ಲಫಾನ್ ಬಂದರಿನದು, ಅದರಲ್ಲಿ ಹೆಚ್ಚಿನದು ಏಷ್ಯಾಕ್ಕೆ. ಸೌದಿ ಅರೇಬಿಯಾದ ತೈಲ ಕೊಳವೆಯಲ್ಲಿ ಕೆಂಪು ಸಮುದ್ರದ ಯಾನ್ಬುವಿಗೆ ಹೋಗಬಹುದು, ಎಮಿರೇಟ್ಸ್‌ನದು ಜಲಸಂಧಿಯ ಹೊರಗಿರುವ ಫುಜೈರಾ ಬಂದರಿಗೆ. ಕತಾರ್‌ನ ಎಲ್‌ಎನ್‌ಜಿಗೆ ಇಂಥ ಒಳದಾರಿ ಇಲ್ಲ.

ಕೆಂಪು ಸಮುದ್ರದ ಕಥೆ ಬೇರೆ. 2023ರ ನವೆಂಬರ್‌ನಲ್ಲಿ ಯೆಮನ್‌ನ ಹೂಥಿ ಬಂಡುಕೋರರು ಅಲ್ಲಿನ ಹಡಗುಗಳ ಮೇಲೆ ದಾಳಿ ಆರಂಭಿಸಿದರು. 2024ರ ಜನವರಿಯಲ್ಲಿ ಕತಾರ್ ತನ್ನ ಎಲ್‌ಎನ್‌ಜಿ ಹಡಗುಗಳನ್ನು ಆಫ್ರಿಕಾದ ಗುಡ್ ಹೋಪ್ ಭೂಶಿರವನ್ನು ಬಳಸಿ ಹೋಗುವಂತೆ ತಿರುಗಿಸಿತು. ರಸ್ ಲಫಾನ್‌ನಿಂದ ಬ್ರಿಟನ್‌ಗೆ ಕೆಂಪು ಸಮುದ್ರ, ಸುಯೆಜ್ ಕಾಲುವೆಯ ಮೂಲಕ ಸುಮಾರು 18 ದಿನ, ಭೂಶಿರದ ದಾರಿಯಲ್ಲಿ 27. ತುಂಬಿ ಇಳಿಸುವ ಹೊತ್ತನ್ನೂ ಸೇರಿಸಿ ಲೆಕ್ಕ ಹಾಕಿದರೆ, ವರ್ಷಕ್ಕೆ ಒಂಬತ್ತು ಬಾರಿ ಹೋಗಿಬರುತ್ತಿದ್ದ ಹಡಗು ಆರೇ ಬಾರಿ ಹೋಗಿಬರುತ್ತದೆ. ಅಷ್ಟೇ ಅನಿಲ ಸಾಗಿಸಲು ಒಂದೂವರೆ ಪಟ್ಟು ಹಡಗು ಬೇಕು. ಒಂದು ಗುಂಡೂ ತಾಗದೆ ಆದ ನಷ್ಟ ಇದು. ಅಮೆರಿಕದ ಸರಕು ಯುರೋಪಿಗೆ, ಕತಾರ್‌ನದು ಏಷ್ಯಾಕ್ಕೆ ಎಂದು ಗಿರಾಕಿಗಳನ್ನು ಅದಲುಬದಲು ಮಾಡಿ ಈ ಹೊರೆ ತಗ್ಗಿಸಲಾಯಿತು. ಹಾರ್ಮುಜ್ ಮುಚ್ಚಿದರೆ ಆ ಉಪಾಯ ನಡೆಯದು; ಸರಕು ಇರುವುದೇ ಒಳಗಡೆ.

ನಷ್ಟವಾಗಲು ದಾರಿ ಮುಚ್ಚುವ ತನಕವೂ ಹೋಗಬೇಕಿಲ್ಲ. ಹೊಸ ಎಲ್‌ಎನ್‌ಜಿ ಹಡಗಿನ ಬೆಲೆ ಸುಮಾರು 25 ಕೋಟಿ ಡಾಲರ್. ಯುದ್ಧ ಅಪಾಯದ ವಿಮೆ ಹಡಗಿನ ಮೌಲ್ಯದ ಶೇಕಡಾ 0.2 ಎಂದಾದರೂ ಒಂದು ಯಾನಕ್ಕೆ 5 ಲಕ್ಷ ಡಾಲರ್ ಹೆಚ್ಚುವರಿ. ಜಿಪಿಎಸ್ ಸಂಕೇತ ಕೆಡಿಸುವುದು ಇನ್ನೊಂದು ಕಾಟ. 2025ರ ಜೂನ್‌ನಲ್ಲಿ ಇಸ್ರೇಲ್–ಇರಾನ್ ಕದನದ ವೇಳೆ ಆ ಭಾಗದ ಅನೇಕ ಹಡಗುಗಳ ಸ್ಥಾನಸೂಚಕಗಳು ತಪ್ಪು ಜಾಗ ತೋರಿಸುತ್ತಿದ್ದವು.

ಬೆಲೆ ಏರಿದಾಗ ಮೊದಲು ಖರೀದಿ ಕೈಬಿಡಬೇಕಾಗುವುದು ಬಡ ದೇಶಗಳು, ಮತ್ತು ಇದು ಸಾಕಷ್ಟು ಚರ್ಚೆಯಾಗಿಲ್ಲ. ರಷ್ಯಾದ ಕೊಳವೆ ಅನಿಲ ತಗ್ಗಿ ಯುರೋಪು ಸಿಕ್ಕ ಹಡಗನ್ನೆಲ್ಲ ಕೊಳ್ಳುತ್ತಿದ್ದ 2022ರ ಜುಲೈನಲ್ಲಿ, ಪಾಕಿಸ್ತಾನ ಹತ್ತು ಹಡಗು ಸರಕಿಗೆ ಟೆಂಡರ್ ಕರೆಯಿತು. ಒಬ್ಬ ಮಾರಾಟಗಾರನೂ ಬರಲಿಲ್ಲ.

ರಕ್ಷಣೆ ಎಂದರೆ ಕೊನೆಗೂ ದಾಸ್ತಾನೇ. ಯುರೋಪು ಖಾಲಿಯಾದ ಅನಿಲ ಬಾವಿಗಳಲ್ಲಿ, ಉಪ್ಪಿನ ಗವಿಗಳಲ್ಲಿ ಬೇಸಿಗೆಯಲ್ಲೇ ಅನಿಲ ತುಂಬಿಸಿಡುತ್ತದೆ. ಜಪಾನ್‌ಗೆ ಅಂಥ ದೊಡ್ಡ ನೆಲದಾಳದ ಸಂಗ್ರಹ ಇಲ್ಲ. ಬಂದರಿನ ಟ್ಯಾಂಕುಗಳಲ್ಲಿರುವುದು ಎರಡು ಮೂರು ವಾರದ್ದು. ಹಾಗಾಗಿ 2023ರ ಡಿಸೆಂಬರ್‌ನಿಂದ ಅದು ಬೇರೆ ದಾರಿ ಹಿಡಿಯಿತು: ಚಳಿಗಾಲದ ತಿಂಗಳುಗಳಲ್ಲಿ ತಿಂಗಳಿಗೆ ಕನಿಷ್ಠ ಒಂದು ಹಡಗು ಸರಕನ್ನು ಸರ್ಕಾರದ ಬೆಂಬಲದಿಂದ ಕಾದಿರಿಸತೊಡಗಿತು. ಕೊರತೆ ಬಿದ್ದರೆ ದೇಶದೊಳಗೆ ಬಳಕೆ, ಬೀಳದಿದ್ದರೆ ಮಾರುಕಟ್ಟೆಯಲ್ಲಿ ಮಾರಾಟ; ಮಾರಾಟದಲ್ಲಿ ನಷ್ಟವಾದರೆ ಅದನ್ನು ಸಾರ್ವಜನಿಕ ನಿಧಿ ತುಂಬಿಕೊಡುತ್ತದೆ.